ಕಿಟಕಿ ಕೆಳಗಿನ ಗೋಡೆ

ಅಪ್ಪಾ,

ಹಳೇ ಪೇಟೆಯ ಆ ಮನೆಯನ್ನು ಕೊಳ್ಳುವ ಮುಂಚೆ ಇವತ್ತು ಕೊನೆಯ ಸಲ ನೋಡಿಬಂದೆ. ನೂರು ವರ್ಷದ ಕಟ್ಟಡ, ಮೂರನೇ ಮಹಡಿ. ಹೊಸ ಬಣ್ಣ ಬಳಿದು ಮುದುಕಿಯನ್ನು ಮದುವಣಗಿತ್ತಿ ಮಾಡಿದ್ದಾರೆ. ನಾಳೆ ಹತ್ತು ಗಂಟೆಗೆ ನೋಂದಣಿ.

ಬ್ರೋಕರ್ ಬಾಲ್ಕನಿಯನ್ನು ಹೊಗಳುತ್ತಿದ್ದಾಗ ನಾನು ನಿನ್ನ ಹಾಗೆಯೇ ಬೆರಳು ಮಡಚಿ ಗೋಡೆ ತಟ್ಟುತ್ತಾ ಹೋದೆ. ಕಿಟಕಿಯ ಕೆಳಗೆ ಸದ್ದು ಬದಲಾಯಿತು. ಬರೀ ಗಾರೆ ಬಿಟ್ಟಿದೆಯೋ, ಒಳಗೆ ನೀರು ಇಳಿದಿದೆಯೋ ತಿಳಿಯಲಿಲ್ಲ. ನೀನು ತೀರಿಕೊಂಡು ಮೂರು ವರ್ಷ, ಇನ್ಯಾರನ್ನು ಕೇಳಲಿ? ಹೋದ ಮನೆಗಳಲ್ಲೆಲ್ಲ ನೀನು ಹೀಗೆ ತಟ್ಟುವಾಗ, "ಸುಮ್ನೆ ಕೂತ್ಕೋ ಅಪ್ಪಾ, ಮಾನ ಹೋಗುತ್ತೆ" ಎಂದು ಗದರುತ್ತಿದ್ದವಳು ನಾನು.

"ಏನ್ ಮೇಡಂ, ಗೋಡೆ ಜೊತೆ ಮಾತಾಡ್ತಿದೀರಾ?" ಎಂದು ಬ್ರೋಕರ್ ನಕ್ಕ.

"ನಮ್ಮಪ್ಪ ಗಾರೆ ಕೆಲಸದವರು" ಎಂದೆ. ಹೊರಗಿನವರ ಮುಂದೆ ಈ ಮಾತು ನನ್ನ ಬಾಯಿಂದ ಬಂದದ್ದು ಇದೇ ಮೊದಲು. ಕಾಲೇಜಿನಲ್ಲಿ, ಆಫೀಸಿನಲ್ಲಿ ನೀನು ಯಾವಾಗಲೂ ಕಂಟ್ರಾಕ್ಟರ್ ಆಗಿದ್ದೆ.

"ಹಾಗಾದ್ರೆ ಚಿಂತೆ ಯಾಕೆ? ಬೆಳಿಗ್ಗೆ ಅವರನ್ನೇ ಕರ್ಕೊಂಡು ಬಂದು ತೋರಿಸ್ಬಿಡಿ" ಎಂದ.

"ಆಯ್ತು, ಕೇಳಿ ನೋಡ್ತೀನಿ" ಎಂದುಬಿಟ್ಟೆ.