ದ್ಯಾಮೇಶನ ಮೀನಖಂಡ

ಹೊಳೆಮಣ್ಣೂರ
೧೧–೮–೨೦೨೪, ರವಿವಾರ

ಪ್ರೀತಿಯ ಶಶಿ ಅಣ್ಣಾ,

ಹೇಗಿದ್ದೀ? ರತ್ನಾಗಿರಿಯಲ್ಲಿ ಮಳೆ ಹಿಡಿದದ್ದು ಬಿಟ್ಟೇ ಇಲ್ಲವೆಂದು ಲಾರಿಯ ಜಾವೀದ ಹೇಳುತ್ತಿದ್ದ. ರಸ್ತೆ ಕೆಲಸ ನಿಂತಿದ್ದರೆ ಶೆಡ್ಡಿನಲ್ಲಿ ಬೆಚ್ಚಗಿರು; ಹೋದ ವರ್ಷದ ಹಾಗೆ ಒದ್ದೆ ಬಟ್ಟೆಯಲ್ಲೇ ಮಲಗಿ ಕೆಮ್ಮು ತಂದುಕೊಳ್ಳಬೇಡ. ಇಲ್ಲಿ ಹೊಳೆ ಕೆಳಗಿನ ಓಣಿಯವರೆಗೆ ಬಂದು ನಿಂತಿದೆ, ನಮ್ಮ ಕಟ್ಟೆ ಮುಟ್ಟಿಲ್ಲ. ಅವ್ವ ಗಟ್ಟಿಯಾಗಿದ್ದಾಳೆ. ಫೋನ್ ಇರುವಾಗ ಪೂಜಾ ಪತ್ರ ಏಕೆ ಬರೆದಳು ಎಂದು ಲಕೋಟೆ ನೋಡಿಯೇ ನೀನು ಗಾಬರಿಯಾಗಿರಬೇಕು. ನಿನ್ನ ಫೋನ್ ಬಂತೆಂದರೆ ಅವ್ವ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾಳೆ. ಈ ಮಾತು ಅವಳ ಕಿವಿಗೆ ಈಗಲೇ ಬೀಳಬಾರದು. ಅದಕ್ಕೇ ಜಾವೀದನ ಲಾರಿ ಆ ಕಡೆ ಹೊರಟದ್ದು ಕೇಳಿ ಬರೆಯಲು ಕುಳಿತೆ. ಒಬ್ಬನೇ ಇದ್ದಾಗ ಓದು.

ಗದಗದ ನನ್ನ ಫಿಜಿಯೋಥೆರಪಿ ಕಾಲೇಜಿನಲ್ಲಿ ಮೊದಲ ಪರೀಕ್ಷೆ ಹತ್ತಿರ ಬಂದಿದೆ. ಸ್ನಾಯುಗಳ ಹೆಸರುಗಳೆಲ್ಲ ಲ್ಯಾಟಿನ್, ಗ್ರೀಕ್; ನಾಲಿಗೆಗೇ ಹತ್ತುವುದಿಲ್ಲ. ನಮಗೆ ಕಲಿಸುವ ನಾಹೀದ ಮೇಡಂ ಒಂದು ದಾರಿ ತೋರಿಸಿದರು. ಪ್ರತಿ ಹೆಸರೂ ಸ್ನಾಯುವಿನ ಬಗ್ಗೆ ಏನೋ ಹೇಳುತ್ತದೆ, ಅದನ್ನು ಬಿಡಿಸಿ ನೋಡಿದರೆ ಬಾಯಿಪಾಠ ಬೇಕಿಲ್ಲ ಎಂದರು. ಡೆಲ್ಟಾಯ್ಡ್ ಎಂದರೆ ಹೆಗಲಿನ ಮೇಲಿನ ಮುಕ್ಕೋನ. ಬೈಸೆಪ್ಸ್ ಎಂದರೆ ಎರಡು ತಲೆಯದು, ಎರಡು ಕಡೆಯಿಂದ ಹುಟ್ಟಿ ಒಂದಾಗುತ್ತದೆ. ಮ್ಯಾಕ್ಸಿಮಸ್ ಎಂದರೆ ಎಲ್ಲಕ್ಕಿಂತ ದೊಡ್ಡದು, ಎಕ್ಸ್‌ಟೆನ್ಸರ್ ಎಂದರೆ ಚಾಚುವುದು. ಮೊಣಕಾಲಿನ ಕೆಳಗೆ ಹಿಂದಿರುವುದಕ್ಕೆ ಗ್ಯಾಸ್ಟ್ರೋಕ್ನೀಮಿಯಸ್ ಅನ್ನುತ್ತಾರೆ. ಬಿಡಿಸಿದರೆ ಕಾಲಿನ ಹೊಟ್ಟೆ. ಅವ್ವನಿಗೆ ಹೇಳಿದರೆ ನಕ್ಕಳು. "ಕಾಲಿಗೆಲ್ಲಿ ಹೊಟ್ಟಿ ಇರ್ತೈತಿ? ನಾವು ಮೀನಖಂಡ ಅಂತೀವಿ, ನೋಡಾಕೂ ಮೀನಿನಂಗs ಐತಿ" ಅಂದಳು.

ಕಾಲೇಜಿನ ಸೂಟಿಗೆ ಊರಿಗೆ ಬಂದಾಗ ನಿನ್ನ ಮಗನನ್ನೇ ನನ್ನ ಪುಸ್ತಕ ಮಾಡಿಕೊಂಡೆ. ದ್ಯಾಮೇಶನ ಮೈಮೇಲೆ ಪೆನ್ನಿನಿಂದ ಗೆರೆ ಎಳೆದು ಹೆಸರು ಹೇಳುವುದು, ಅವನು ಕಚಗುಳಿಯಾಗಿ ಹೊರಳಾಡುವುದು. ಅವನ ಮೀನಖಂಡ ನಿನಗೆ ಗೊತ್ತಲ್ಲ, ಕಲ್ಲಿನ ಹಾಗೆ ದಪ್ಪ. ಅವ್ವ ದಿನಾ ಎಣ್ಣೆ ತಿಕ್ಕಿ, ನನ್ನ ಮೊಮ್ಮಗನದು ಪೈಲವಾನರ ಕಾಲು ಎಂದು ಓಣಿಗೆಲ್ಲ ತೋರಿಸುತ್ತಾಳೆ. ಆ ದಿನ ಸೊಂಟದ ಸ್ನಾಯು ಹೇಗೆ ಬಿಗಿಯುತ್ತದೆ ನೋಡೋಣವೆಂದು ನೆಲದಿಂದ ಏಳು ಅಂದೆ. ಅವನು ಬೋರಲಾಗಿ, ಕೈಯೂರಿ, ಆಮೇಲೆ ಮೊಣಕಾಲು ಹಿಡಿದು, ತೊಡೆ ಹಿಡಿದು, ತನ್ನ ಕಾಲನ್ನೇ ಗಿಡ ಹತ್ತಿದ ಹಾಗೆ ಹತ್ತಿಕೊಂಡು ಎದ್ದ. ಮತ್ತೊಮ್ಮೆ ಏಳಿಸಿದೆ. ಹಾಗೆಯೇ ಎದ್ದ. ಇಷ್ಟು ದಿನ ಅವನು ಏಳುವುದನ್ನು ನಾವ್ಯಾರೂ ನೋಡಿಯೇ ಇರಲಿಲ್ಲ, ಅಣ್ಣಾ. ಸಾಲಿಗೆ ಹೋಗುವಾಗ ಬೀಳುತ್ತಾನೆ ಎಂದರೆ ತುಂಟ ಅಂದುಕೊಂಡಿದ್ದೆವು.

ಸ್ನಾಯು ದಪ್ಪವಾಗುವುದಕ್ಕೆ ಹೈಪರ್ಟ್ರೊಫಿ ಎಂಬ ಪದವಿದೆ. ದುಡಿದ ಸ್ನಾಯು ಬೆಳೆಯುವುದು, ಒಳ್ಳೆಯ ಪದ. ಆದರೆ ಅದೇ ಪುಟದ ಕೆಳಗೆ, ಅದರ ಮೊದಲಿಗೆ ಸ್ಯೂಡೊ ಎಂಬ ತುಂಡು ಸೇರಿಸಿದ ಇನ್ನೊಂದು ಪದವಿತ್ತು. ಸ್ಯೂಡೊ ಎಂದರೆ ಸುಳ್ಳು. ಮೇಲೆ ದಪ್ಪ, ಒಳಗೆ ಸ್ನಾಯು ಸತ್ತು ಕೊಬ್ಬು ತುಂಬಿರುತ್ತದೆ. ಅದನ್ನು ಓದಿದ ಕೂಡಲೇ ನಾಹೀದ ಮೇಡಂಗೆ ಫೋನ್ ಮಾಡಿದೆ. ಅವರು ಮಗುವನ್ನು ಕರೆದುಕೊಂಡು ಬಾ ಅಂದರು.

ಅವ್ವನಿಗೆ ಜಂತಿನ ಔಷಧಿ ಎಂದು ಹೇಳಿ ವೈನಿ ಮಗನನ್ನು ಕರೆದುಕೊಂಡು, ನಾನೂ ಜೊತೆಯಾಗಿ, ರೋಣದಲ್ಲಿ ಬಸ್ ಬದಲಿಸಿ ಗದಗಕ್ಕೆ ಹೋದೆವು. ಅಲ್ಲಿ ದ್ಯಾಮೇಶನ ರಕ್ತ ತೆಗೆದು ನೋಡಿದರು. ಸ್ನಾಯು ಒಡೆದಾಗ ರಕ್ತಕ್ಕೆ ಸೋರುವ ಒಂದು ಅಂಶ ಅವನಲ್ಲಿ ವಿಪರೀತವಾಗಿ ಏರಿದೆ. ಮಕ್ಕಳ ಡಾಕ್ಟರು ಒಳ್ಳೆಯವರು, ನೇರ ಮಾತಿನವರು. ಇದು ಸ್ನಾಯು ಕ್ಷೀಣಿಸುವ ರೋಗವಿರಬಹುದು, ಹುಬ್ಬಳ್ಳಿಯಲ್ಲಿ ವಂಶವಾಹಿ ಪರೀಕ್ಷೆ ಆಗುವವರೆಗೆ ಖಚಿತವಾಗಿ ಹೇಳಲಾರೆ ಎಂದರು. ಪೂರ್ತಿ ಗುಣವಾಗುವ ಔಷಧಿ ಇಲ್ಲ, ನಡೆಯುವ ವರ್ಷಗಳನ್ನು ಹೆಚ್ಚಿಸುವ ಗುಳಿಗೆ, ವ್ಯಾಯಾಮ ಇವೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಎಣ್ಣೆ ಜೋರಾಗಿ ತಿಕ್ಕುವುದು ಬೇಡ ಅಂದಿದ್ದಾರೆ. ಅವ್ವನಿಗೆ ಅದನ್ನು ಹೇಗೆ ಹೇಳಲಿ?

ಮರಳುವಾಗ ಬಸ್ಸಿನಲ್ಲಿ ದ್ಯಾಮೇಶ ವೈನಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದ. ವೈನಿ ಅವನ ಕಾಲನ್ನು ಸೆರಗಿನಿಂದ ಮುಚ್ಚಿ ಕುಳಿತಿದ್ದಳು. ಆಗ ಅವಳೇ ಹೇಳಿದಳು, ಕೊಣ್ಣೂರಿನ ತನ್ನ ತವರಿನಲ್ಲಿ ಹುಚ್ಚಪ್ಪನೆಂಬ ಅಣ್ಣ ಇದ್ದನಂತೆ. ಅವನ ಕಾಲೂ ಹೀಗೇ ದಪ್ಪ ಇದ್ದವಂತೆ. ಸಾಲಿ ಮುಗಿಸುವ ಮೊದಲೇ ಏಳುವುದೇ ನಿಂತು, ಮೀಸೆ ಮೂಡುವ ವಯಸ್ಸಿಗೆ ಹೋಗಿಬಿಟ್ಟನಂತೆ. ಗಾಳಿ ಸೋಂಕಿತ್ತು ಅಂದುಕೊಂಡಿದ್ದರು, ಮದುವೆಯಲ್ಲಿ ಅದನ್ನು ಯಾರು ಹೇಳುತ್ತಾರೆ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು: "ನಿಮ್ಮಣ್ಣ ನನ್ನ ಬಿಡ್ತಾರೇನ, ಪೂಜಾ?"

ನಾನು ಇಲ್ಲ ಅಂದೆ. ನಿನ್ನನ್ನು ಕೇಳದೆ ನಿನ್ನ ಪರವಾಗಿ ಮಾತು ಕೊಟ್ಟೆ. ಈ ರೋಗ ತಾಯಿಯ ಕಡೆಯಿಂದ ಬರಬಹುದು, ತಾಯಿಗೇ ಗೊತ್ತಿಲ್ಲದೆ, ಅವಳ ಮೈಮೇಲೆ ಒಂದು ಗುರುತೂ ಇಲ್ಲದೆ. ನಾಳೆ ಯಾರಾದರೂ ಬೇರೆ ರೀತಿಯಲ್ಲಿ ನಿನ್ನ ಕಿವಿಯಲ್ಲಿ ಊದುವ ಮೊದಲು ನಾನೇ ಹೇಳುತ್ತಿದ್ದೇನೆ. ಕಣ್ಣಿನ ಬಣ್ಣ ಬಂದ ಹಾಗೆ ಬಂದದ್ದು ಅದು. ಅವಳು ಮಾಡಿದ್ದಲ್ಲ.

ಅವ್ವನ ಹರಕೆ ನಿನ್ನ ಬೆನ್ನಿಗಿರಲಿ. ದ್ಯಾಮೇಶ ನಿನಗೆಂದು ಒಂದು ಟ್ರ್ಯಾಕ್ಟರ್ ಚಿತ್ರ ಬರೆದಿದ್ದಾನೆ, ಒಳಗಿಟ್ಟಿದ್ದೇನೆ. ಹೊಟ್ಟೆ ತುಂಬ ಉಣ್ಣು.

ನಿನ್ನ ತಂಗಿ,
ಪೂಜಾ

ತಾ.ಕ.: ಜಾವೀದ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಇದೊಂದನ್ನು ಬರೆಯಬೇಡವೆಂದು ವೈನಿ ಆಣೆ ಹಾಕಿಸಿದ್ದಳು, ಮುರಿಯುತ್ತಿದ್ದೇನೆ. ಅವಳು ಮತ್ತೆ ಬಸುರಿ. ಅವ್ವನಿಗೂ ಹೇಳಿಲ್ಲ. ಅವಳ ರಕ್ತವನ್ನೂ ಪರೀಕ್ಷಿಸಬೇಕು, ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ತಿಳಿಯಬೇಕೆಂದರೆ ಈ ಮೊದಲ ತಿಂಗಳುಗಳಲ್ಲೇ ತಿಳಿಯಬೇಕು, ಗಂಡ ಹೆಂಡತಿ ಇಬ್ಬರೂ ಬನ್ನಿ ಎಂದಿದ್ದಾರೆ ಡಾಕ್ಟರು. ನೀನು ಬರುವವರೆಗೆ ಹುಬ್ಬಳ್ಳಿಗೆ ಕಾಲಿಡುವುದಿಲ್ಲ ಎನ್ನುತ್ತಾಳೆ ವೈನಿ. ಜಾವೀದನ ಲಾರಿ ಮರಳುವಾಗ ಖಾಲಿ ಬರುತ್ತದೆ. ಅದರಲ್ಲೇ ಹತ್ತಿ ಬಾ.