ರುಬ್ಬುಗುಂಡನ್ನು ಅಮ್ಮನಾಗಿಸಲು ಹೊರಟ ಮೇಷ್ಟ್ರಿಗೆ

ಬಾವಿ ಮುಚ್ಚಿದ ತೊಂಬತ್ತೊಂಬತ್ತನೆಯ ವರ್ಷ, ಕೆಸರುಪಾಳಿಯ ಎರಡನೆಯ ದಿನ
ನಿಮ್ಮ ಲೆಕ್ಕಕ್ಕೆ ಇಸವಿ ಎರಡು ಸಾವಿರದ ನೂರ ಇಪ್ಪತ್ತೇಳು

ಹಿರೇಕಲ್ಲೂರು ಏಳನೇ ವಾರ್ಡಿನ ಹೋರಾಟ ಸಮಿತಿಯ ಅಧ್ಯಕ್ಷರು, ನಿವೃತ್ತ ಗಣಿತದ ಮೇಷ್ಟ್ರು ಪಾಲಾಕ್ಷಪ್ಪನವರಿಗೆ,

ಮೊದಲೇ ಕ್ಷಮೆ ಕೇಳುತ್ತೇನೆ, ನನ್ನ ಮಾತಿಗಲ್ಲ, ನನ್ನ ಭಾಷೆಗೆ. ನಿಮ್ಮ ಕಾಲದ ಕನ್ನಡವನ್ನು ನಿಮ್ಮದೇ ಸಮಿತಿಯ ನಡಾವಳಿ ಪುಸ್ತಕದಿಂದ ಕಲಿತವಳು ನಾನು. ಅಲ್ಲಲ್ಲಿ ತಕರಾರು ಅರ್ಜಿಯ ಧಾಟಿ ಬಂದರೆ ತಪ್ಪು ನನ್ನದಲ್ಲ. ನನ್ನ ಹೆಸರು ನೇಸರ. ನಿಮ್ಮ ಎರಡನೆಯ ಮೊಮ್ಮಗಳು ಇಂಚರಳ ಮೊಮ್ಮಗಳು. ನಿಮಗೆ ಎರಡನೆಯ ಮೊಮ್ಮಗಳಿಲ್ಲ, ಇರುವುದು ನಾಲ್ಕು ವರ್ಷದ ಧೃತಿ ಒಬ್ಬಳೇ ಎಂಬುದು ನನಗೂ ಗೊತ್ತು. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮನ್ನು ಅಜ್ಜ ಎನ್ನಲು ನಾಲಗೆ ಏಳುವುದಿಲ್ಲ, ಮೇಷ್ಟ್ರೇ ಎಂದೇ ಕರೆಯುತ್ತೇನೆ.

ನಾಳೆ ಮಧ್ಯಾಹ್ನ ನೀವು ಮಾಡಲಿರುವ ಕೆಲಸ ನನಗೆ ತಿಳಿದಿದೆ. ನಿಮ್ಮ ವಾರ್ಡಿನ ಹಿಂದಿನ ಗೋಮಾಳದಲ್ಲಿ ಪುರಸಭೆಯವರು ಮಲತ್ಯಾಜ್ಯ ಸಂಸ್ಕರಣಾ ಘಟಕ ಕಟ್ಟಲು ಹೊರಟಿದ್ದಾರೆ. ಊರಿನ ಶೌಚದ ಗುಂಡಿಗಳಿಂದ ಟ್ಯಾಂಕರ್ ಎಳೆದು ತರುವುದನ್ನು ಅಲ್ಲಿ ಒಣಗಿಸಿ, ನೀರನ್ನು ಶುದ್ಧ ಮಾಡಿ ಬಿಡುವ ಯೋಜನೆ. ನೀವು ಅರವತ್ತು ಮನೆಗಳ ಸಹಿ ಹಾಕಿಸಿ ಅರ್ಜಿ ಕೊಟ್ಟಿರಿ, ಅವರು ಜಗ್ಗಲಿಲ್ಲ. ಈಗ ಮಿಕ್ಸಿ ಬಂದಂದಿನಿಂದ ನಿಮ್ಮ ಹಿತ್ತಲಲ್ಲಿ ಬಿದ್ದಿರುವ ರುಬ್ಬುಗುಂಡನ್ನು ಅಲ್ಲಿನ ಬೇವಿನ ಮರದ ಬುಡಕ್ಕೆ ನೆಟ್ಟು, ಅರಿಶಿನ ಮೆತ್ತಿ, ಹಸಿರು ರವಿಕೆ ಕಣ ಸುತ್ತಿ, ಅಮ್ಮ ನೆಲೆಗೊಂಡಿದ್ದಾಳೆ ಎಂದು ಸಾರಲಿದ್ದೀರಿ. ಇಂಜಿನಿಯರು ಬರುತ್ತಾನೆ, ಚಪ್ಪಲಿ ಬಿಟ್ಟು ಕೈಮುಗಿಯುತ್ತಾನೆ, ಹೊರಟುಹೋಗುತ್ತಾನೆ. ಅರ್ಜಿಗೆ ಬಗ್ಗದ ಸರ್ಕಾರ ಅರಿಶಿನಕ್ಕೆ ಬಗ್ಗುತ್ತದೆ ಎಂಬ ನಿಮ್ಮ ಲೆಕ್ಕ ತಪ್ಪುವುದಿಲ್ಲ.

ಹೋದ ತಿಂಗಳ ಸಭೆಯಲ್ಲಿ ಟ್ಯಾಂಕರ್ ಓಡಿಸುವ ಓಬಳೇಶ ಎದ್ದು ನಿಂತು ಕೇಳಿದ್ದು ನಡಾವಳಿಯಲ್ಲಿ ಹಾಗೇ ಇದೆ: “ಸಾರ್, ನಿಮ್ಮನೇದೂ ನಾನೇ ಎಳ್ಕಂಡು ಹೋಗೋದು. ಬ್ಯಾಡ ಅಂದ್ರೆ ಎಲ್ಲಿಗ್ ಸುರೀಲಿ, ನೀವೇ ಹೇಳ್ರಿ.” ಅದಕ್ಕೆ ನಿಮ್ಮ ಉತ್ತರವೂ ಇದೆ: “ನಮ್ ಮೂಗಿನ್ ಮುಂದೆ ಬ್ಯಾಡಪ್ಪ. ಆಮ್ಯಾಲೆ ಎಲ್ಲಾದ್ರೂ ಸುರ್ಕೋ.” ಸಭೆ ನಕ್ಕಿತು ಎಂದು ಕಾರ್ಯದರ್ಶಿ ಮರೆಯದೆ ಬರೆದಿದ್ದಾನೆ.

ನೀವು ಕಲ್ಲು ನೆಟ್ಟಿರಿ, ಘಟಕ ನಿಂತಿತು, ಅವನು ಹಳೆಯ ಕಲ್ಲುಕ್ವಾರಿಗೆ ಸುರಿದ. ಬೇರೆ ಜಾಗವನ್ನು ನೀವು ಉಳಿಸಿರಲಿಲ್ಲ. ಕ್ವಾರಿಯ ಬಂಡೆಗಳಲ್ಲಿ ಬಿರುಕುಗಳಿದ್ದವು, ಅದರ ಇಳಿಜಾರಿನಲ್ಲಿ ಓಬಳೇಶನ ಕಾಲೋನಿಯ ಬಾವಿ, ಅದರ ಕೆಳಗೆ ನಿಮ್ಮ ವಾರ್ಡಿಗೆ ನೀರು ಕೊಡುವ ಬಾವಿ. ಎರಡನೆಯ ಮಳೆಗಾಲದಲ್ಲಿ ವಾಂತಿಭೇದಿ ಬಂತು. ಕಾಲೋನಿಯಲ್ಲಿ ಹನ್ನೊಂದು ಜನ ಸತ್ತಾಗ, ಅವರು ಇರುವ ರೀತಿಯೇ ಹಾಗೆ ಎಂದು ನಿಮ್ಮ ಸಮಿತಿ ಹೇಳಿಕೆ ಕೊಟ್ಟಿತು. ಸತ್ತವರಲ್ಲಿ ಓಬಳೇಶನ ಹೆಂಡತಿಯೂ ಇದ್ದಳು. ಮುಂದಿನ ವಾರ ಅದೇ ನೀರು ನಿಮ್ಮ ನಲ್ಲಿಯಲ್ಲಿ ಬಂತು. ಆರು ತುಂಬಿದ್ದ ಧೃತಿ ಆಷಾಢದ ಒಂದು ಗುರುವಾರ ಬೆಳಿಗ್ಗೆ, ಮಂಚ ಸಿಗದೆ, ಆಸ್ಪತ್ರೆಯ ಹಜಾರದಲ್ಲಿ ನಿಮ್ಮ ತೊಡೆಯ ಮೇಲೆ ಹೋದಳು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವರು ನೀವು, ಉಂಡವಳು ಅವಳು. ಆ ತಿಂಗಳೇ ಎರಡೂ ಬಾವಿಗಳಿಗೆ ಮುಚ್ಚಳ ಬಿತ್ತು, ನಮ್ಮ ಊರಿನ ವರ್ಷಗಳನ್ನು ಅಂದಿನಿಂದ ಎಣಿಸುತ್ತೇವೆ.

ಘಟಕ ಕೊನೆಗೂ ಅದೇ ಗೋಮಾಳದಲ್ಲೇ ಎದ್ದಿತು. ಈಗ ಪ್ರತಿ ಮನೆಯಿಂದ ಒಬ್ಬರು ವರ್ಷಕ್ಕೆ ಎರಡು ದಿನ ಅಲ್ಲಿ ದುಡಿಯಬೇಕು, ಅದನ್ನೇ ಕೆಸರುಪಾಳಿ ಎನ್ನುವುದು. ಟ್ಯಾಂಕರಿನ ಬಾಯಿಗೆ ಕೊಳವೆ ಹಚ್ಚುತ್ತೇವೆ, ಒಣಹಾಸಿನ ಮೇಲೆ ಹರಡಿದ ಕೆಸರನ್ನು ಗೋರೆಯಿಂದ ಎಳೆದು ತಿರುವುತ್ತೇವೆ. ಒಣಗಿದ್ದು ಕರಿಹುಡಿಯಾಗಿ ಜೋಳದ ಹೊಲಕ್ಕೆ ಹೋಗುತ್ತದೆ, ಮರುನೀರು ಎಂದು ನಾವು ಕರೆಯುವ ತಿಳಿನೀರು ಹೊಂಗೆ ಸಾಲಿಗೆ. ನೀವು ಅಷ್ಟು ಹೆದರಿದ ವಾಸನೆ ಬಚ್ಚಲಿನಷ್ಟೂ ಇಲ್ಲ. ಇವತ್ತು ಅಲ್ಲೇ ಕೂತು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ನಿಮ್ಮ ರುಬ್ಬುಗುಂಡನ್ನು ನಾವು ಕೀಳಲಿಲ್ಲ. ಟ್ಯಾಂಕರ್ ಸುರಿಯುವ ಬಾಯಿಯ ಎದುರಿಗೇ ಇಟ್ಟುಕೊಂಡಿದ್ದೇವೆ. ಸಹಿ ಹಾಕಿದ ಅರವತ್ತು ಮನೆಗಳಿಗೆ ಮೊದಲ ಪಾಳಿ, ಗೋರೆ ಹಿಡಿಯುವ ಮುನ್ನ ತಮ್ಮ ಹಿರಿಯರು ಸಭೆಯಲ್ಲಿ ಆಡಿದ ಮಾತನ್ನು ಗಟ್ಟಿಯಾಗಿ ಓದಬೇಕು. ನಿನ್ನೆ ನಿಮ್ಮದನ್ನು ನಾನು ಓದಿದೆ. ಹಾಜರಿ ಹಾಕುವವಳು ಓಬಳೇಶನ ವಂಶದವಳು. ಅವಳು ಬಯ್ಯುವುದಿಲ್ಲ, ನಗುವುದೂ ಇಲ್ಲ, ಹೆಸರಿನ ಮುಂದೆ ಗೀಟು ಹಾಕಿ ಮುಂದಿನವರನ್ನು ಕರೆಯುತ್ತಾಳೆ. ನನಗೆ ಮೈ ಉರಿಯಿತು. ಮನೆಗೆ ಬಂದು, ಹಾರ ಹಾಕಿದ್ದ ನಿಮ್ಮ ಪಟ ಇಳಿಸಿ, ಇವತ್ತು ತಂದು ಆ ಬಾಯಿಯ ಪಕ್ಕದ ಗೋಡೆಗೆ ಮೊಳೆ ಹೊಡೆದಿದ್ದೇನೆ. ಮೂಗಿನ ಮುಂದೆಯೇ ಇರಲಿ ಎಂದು.

ಈಗ ಲೆಕ್ಕದ ಮೇಷ್ಟ್ರು ಒಂದು ಲೆಕ್ಕ ಮಾಡಿ. ನಿಮ್ಮ ಮಗ ಸೊಸೆ ಒಂದೇ ಮಗು ಸಾಕೆಂದವರು. ಧೃತಿ ಹೋದ ಮೇಲೆ ಬರಿದಾದ ಮನೆಯನ್ನು ತಾಳಲಾರದೆ ಇಂಚರಳನ್ನು ಹೆತ್ತರು. ಅಕ್ಕನ ಫ್ರಾಕುಗಳನ್ನೇ ತೊಟ್ಟು ಬೆಳೆದ ಅವಳಿಂದ ನನ್ನ ತಾಯಿ, ತಾಯಿಯಿಂದ ನಾನು. ನಾಳೆ ಆ ಕಲ್ಲು ಹಿತ್ತಲಲ್ಲೇ ಉಳಿದರೆ ಘಟಕ ಏಳುತ್ತದೆ, ಕಾಲೋನಿಯ ಹನ್ನೊಂದು ಜನ ಉಳಿಯುತ್ತಾರೆ, ಧೃತಿ ಉಳಿಯುತ್ತಾಳೆ, ನಾನು ಹುಟ್ಟುವುದಿಲ್ಲ. ಇದಕ್ಕೆ ನನ್ನ ಒಪ್ಪಿಗೆ ಇದೆ. ತ್ಯಾಗವೆಂದು ತಿಳಿಯಬೇಡಿ, ನಿಮ್ಮ ರಕ್ತ ನನ್ನ ಮೈಯಲ್ಲಿ ಹರಿಯುವುದು ತಪ್ಪಿದರೆ ನನಗೇನೂ ನಷ್ಟವಿಲ್ಲ.

ನಾಳೆ ಊಟವಾದ ಮೇಲೆ ಧೃತಿ ನೀರು ಕೇಳುತ್ತಾಳೆ. ನೀವೇ ಎದ್ದು ಲೋಟ ತುಂಬಿಸಿ ಕೊಡಿ, ಕುಡಿದು ಮುಗಿಸುವವರೆಗೂ ಅವಳ ಮುಖ ನೋಡಿ. ಆಮೇಲೂ ಹಿತ್ತಲಿಗೆ ಹೋಗಿ ಆ ಕಲ್ಲು ಎತ್ತುವುದಾದರೆ ಎತ್ತಿ. ನಾನು ಹುಟ್ಟಿಯೇ ಬರುತ್ತೇನೆ, ಮೇಷ್ಟ್ರೇ.

ನೇಸರ