ಬಾಯಿಗೆ ಬಾರದ ಹೆಸರು

ಮಲ್ಪೆ ಬಂದರು

ಫಿರದೋಸ್ ಆಪಾಗೆ ನಿನ್ನ ತಮ್ಮ ವಾಸೀಮನ ಸಲಾಮ್.

ಮುಟ್ಟಿದರೆ ಚೆಂಡಿನಂತೆ ಉಬ್ಬುವ ಮೀನೊಂದು ಇಲ್ಲಿದೆ. ಬಲೆಗೆ ಬಂದರೆ ಎಸೆದುಬಿಡುತ್ತಾರೆ. ಮಲಪ್ರಭೆಯ ಮೀನು ಕೊಯ್ಯುವಾಗ ನೀನು, “ತತ್ತಿ ಚೆಲ್ಲಬ್ಯಾಡೋ, ಅದರಾಗನ ರುಚಿ ಐತಿ” ಅನ್ನುತ್ತಿದ್ದೆಯಲ್ಲ, ಅದೇ ನೆನಪಾಗಿ ಇದರ ತತ್ತಿ ಹುರಿದು ಒಬ್ಬನೇ ತಿಂದೆ. ವಿಷವಂತೆ. ಮೊದಲು ತುಟಿ ಜೋಮು ಹಿಡಿಯಿತು, ಆಮೇಲೆ ಕೈಕಾಲು. ನಾನು ದುಡಿಯುವ ಬೋಟಿನವನು ಆಸ್ಪತ್ರೆಗೆ ಸೇರಿಸಿದ, ಅಲ್ಲಿ ಉಸಿರಾಟಕ್ಕೆ ಮಷೀನು ಹಾಕಿದರು. ರೆಪ್ಪೆಯೂ ಅಲುಗಲಿಲ್ಲ, ಕಿವಿ ಮಾತ್ರ ಕೇಳುತ್ತಿತ್ತು.

“ಇವನಿಗೆ ಯಾರುಂಟು?” ಎಂದರು ಡಾಕ್ಟರು.

“ಯಾರೂ ಇಲ್ಲ ಸರ್” ಎಂದ ಬೋಟಿನವನು.

ನಿನ್ನ ಹೆಸರು ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಈಗ ಆರಾಮಿದ್ದೇನೆ. ಮಾತು ಇನ್ನೂ ತೊದಲುತ್ತದೆ, ಕೇಳಿದರೆ ಅಳುತ್ತೀಯೆಂದು ಫೋನ್ ಮಾಡಲಿಲ್ಲ. ಈ ಕಾರ್ಡಿನ ಆಚೆ ಬದಿಯ ವಿಳಾಸದಲ್ಲಿ, ಅಂದು ಬಾಯಿಗೆ ಬಾರದ ನಿನ್ನ ಹೆಸರನ್ನು ಅಷ್ಟು ದೊಡ್ಡದಾಗಿ ಬರೆದಿರುವುದು ಅದಕ್ಕೇ.

ವಾಸೀಮ್